ಸೇತುವೆಗೆ ಹೇಳಿದ ತೂಕ

ಕರಕೋಲ್
ಆಗಸ್ಟ್ ೧೯

ಮಗಳೇ ಬುರುಲ್,

ನೀನು, ಅಳಿಯ, ಮಕ್ಕಳು ಎಲ್ಲ ಕ್ಷೇಮವೆಂದು ನಂಬಿದ್ದೇನೆ. ನೀನು ಕಳಿಸಿದ ಒಣಮೊಸರಿನ ಉಂಡೆ ಬಂದು ತಿಂಗಳಾಯಿತು. ಚೀಲ ಖಾಲಿಯಾದ ಮೇಲೆ ಉತ್ತರ ಬರೆಯುತ್ತಿದ್ದೇನೆ, ತಪ್ಪಾಯಿತು. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆದ ಕೂಡಲೇ ನೀನು ಮೊಮ್ಮಗನ ಕೈಗೆ ಕೊಡುತ್ತೀ. ಅವನು ಉಸಿರಾಡುವುದನ್ನು ಕೇಳಿ ನಾನು ಇಟ್ಟುಬಿಡುತ್ತೇನೆ. ಈಗ ಕಾಲಿಗೆ ಪ್ಲಾಸ್ಟರ್ ಬಿದ್ದಿದೆ, ಕೂತು ಬರೆಯಲು ಪುರುಸೊತ್ತು ಸಿಕ್ಕಿದೆ.

ಕುದುರೆಯಿಂದ ಬಿದ್ದೆನೆಂದು ನಿನ್ನ ಸೋದರತ್ತೆ ಊರೆಲ್ಲ ಹೇಳಿದ್ದಾಳೆ. ಆ ಕಥೆ ಕೊಟ್ಟವನು ನಾನೇ. ನಡೆದದ್ದು ಬೇರೆ.

ನಿನ್ನ ತಂಗಿ ಜಿಬೆಕ್ ಈ ಬೇಸಿಗೆಯಲ್ಲಿ ಹುಡುಗಿಯರ ಬೆಟ್ಟದ ತಂಡ ಸೇರಿದಳಲ್ಲ. ಹದಿನೈದು ಹದಿನಾರರ ಹನ್ನೊಂದು ಹುಡುಗಿಯರು. ಅವರಿಗೆ ಚೋಲ್ಪೋನ್ ಎಂಬವಳು ಗುರು, ಅವಳಿಗೂ ಇಪ್ಪತ್ನಾಲ್ಕೇ. ಹನ್ನೆರಡು ದಿನ ಕಣಿವೆಗಳನ್ನು ಹತ್ತಿಳಿಯಬೇಕು, ನಡುವೆ ಕುರಿಗಾಹಿಗಳಿಗಾಗಿ, ಹೊಳೆ ಕೊಚ್ಚಿಕೊಂಡು ಹೋದ ಕಾಲುಸೇತುವೆಯನ್ನು ಕೂಲಿಯಿಲ್ಲದೆ ಕಟ್ಟಿಕೊಡಬೇಕು. ಚೆನ್ನಾಗಿ ಮಾಡಿದವರನ್ನು ಮುಂದಿನ ವರ್ಷ ಕಿರಿಯರಿಗೆ ಮುಂದಾಳು ಮಾಡುತ್ತಾರೆ. ಅದಕ್ಕೆ ತಂದೆಯ ಸಹಿ ಬೇಕು. ಜಿಬೆಕ್ ಹೊರಡುವಾಗ ಆ ಕಾಗದವನ್ನು ನನ್ನ ಚಹಾ ಬಟ್ಟಲಿನ ಕೆಳಗಿಟ್ಟು ಹೋದಳು. ನಾನು ಸಹಿ ಹಾಕಲಿಲ್ಲ. ಮಗಳೆಂದರೆ ಮನೆಗೆ ಬಂದ ಅತಿಥಿ, ಅತಿಥಿಯ ಬೆನ್ನಿಗೆ ಹಲಗೆ ಹೊರಿಸುತ್ತಾರೆಯೇ ಎಂದು ಬಜಾರಿನಲ್ಲಿ, ನಮ್ಮ ಚಪ್ಪಲಿ ಅಂಗಡಿಯ ಮುಂದೆ ನಿಂತು ಭಾಷಣ ಬಿಗಿದೆ. ಹುಡುಗಿಯರು ಕಟ್ಟಿದ ಸೇತುವೆಯ ಮೇಲೆ ಮೇಕೆಯೂ ಕಾಲಿಡದೆಂದು ಸೇರಿಸಿದೆ. ಜನ ನಕ್ಕರು, ಎರಡು ಜೊತೆ ಚಪ್ಪಲಿಯೂ ಮಾರಾಟವಾಯಿತು.

ಒಂಬತ್ತನೆಯ ದಿನ, ಸರಕು ತರುತ್ತೇನೆಂದು ಹೇಳಿ ಅವರ ಹಿಂದೆ ಹೊರಟೆ. ಅವಳನ್ನು ವಾಪಸು ಕರೆತರಲು ಏನಾದರೊಂದು ನೆಪ ಸಿಗಲಿ ಎಂಬುದೇ ಲೆಕ್ಕ. ಸೇತುವೆ ಆಗಲೇ ಎದ್ದಿತ್ತು. ಅದನ್ನು ನಂಬದೆ, ಕೆಳಗೆ ನೀರಿಗಿಳಿದು ಹೊಳೆ ದಾಟಿದೆ. ಕಾಲಲ್ಲಿ ನಮ್ಮದೇ ಅಂಗಡಿಯ ಬೂಟು, ಮೊಮ್ಮಗನ ಕಾಲಕ್ಕೂ ಬಾಳುತ್ತದೆಂದು ನಾನು ಆಣೆ ಇಟ್ಟು ಮಾರುವಂಥದ್ದು. ನೆನೆದ ಅಟ್ಟೆ ಒಂದೇ ತಾಸಿಗೆ ಬಾಯಿ ಬಿಟ್ಟಿತು. ಜಲ್ಲಿಯ ಇಳಿಜಾರಿನಲ್ಲಿ ಜಾರಿ ಬಿದ್ದು, ಕಾಲು ಮುರಿದು, ನಾನೂ ಬಾಯಿ ಬಿಟ್ಟೆ.

ಕೂಗು ಕೇಳಿ ಮೊದಲು ಬಂದವಳು ಜಿಬೆಕ್. ಮಂಡಿಯೂರಿ ಕೂತು ನನ್ನ ಕತ್ತು ಮುಟ್ಟಿ ನೋಡಿದಳು.

"ಹೆಸರೇನು?"

"ನಿಮ್ಮಪ್ಪ ಕಣೇ, ತಲೆ ಕೆಟ್ಟಿದ್ಯಾ?"

"ತಲೆಗೆ ಪೆಟ್ಟು ಬಿದ್ದಿದ್ಯಾ ಅಂತ ನೋಡ್ತಿದೀನಿ. ಹೆಸರು ಹೇಳಿ."

"ಸಾಪರ್ಬೆಕ್."

"ಇಲ್ಲಿಗ್ಯಾಕೆ ಬಂದ್ರಿ?"

"ಅದೂ ತಲೆಗೆ ಸಂಬಂಧಪಟ್ಟಿದ್ದಾ?"

"ಅಲ್ಲ. ಅದು ನಾನು ಕೇಳ್ತಿರೋದು."

ಅಷ್ಟರಲ್ಲಿ ಚೋಲ್ಪೋನ್ ಮತ್ತು ಉಳಿದವರೂ ಬಂದರು. ಎರಡು ಕೋಲು, ನಾಲ್ಕು ಅಂಗಿ ಸೇರಿ ಡೋಲಿಯಾಯಿತು. ಆರು ಜನ ಎತ್ತಿದರು. ನೂರು ಹೆಜ್ಜೆಗೊಮ್ಮೆ, ಒಬ್ಬಳೂ ಬಾಯಿ ಬಿಡದೆ, ಆರು ಕೈ ಹೋಗಿ ಬೇರೆ ಆರು ಕೈ ಬರುತ್ತಿದ್ದವು. ನನಗೆ ಕುಲುಕೂ ತಗಲಲಿಲ್ಲ. ಅಮ್ಮ ಸೊಂಟದಿಂದ ಕೆಳಗಿಳಿಸಿದ ಮೇಲೆ ನನ್ನನ್ನು ಯಾರೂ ಎತ್ತಿಕೊಂಡವರಿಲ್ಲ, ಬುರುಲ್. ಗಿರಾಕಿಯ ಅಟ್ಟೆ ನೋಡಿ ಆಳನ್ನು ಅಳೆಯುವವನು ನಾನು; ಮಲಗಿದಲ್ಲಿಂದಲೇ ಮುಂದಿನವರ ಬೂಟು ನೋಡುತ್ತಿದ್ದೆ. ಜಿಬೆಕ್‌ಳ ಅಟ್ಟೆ ಮೊದಲೆಲ್ಲ ತುದಿಯಲ್ಲಷ್ಟೇ ಸವೆಯುತ್ತಿತ್ತು, ತಲೆ ತಗ್ಗಿಸಿ ಓಡುವವರದು ಹಾಗೆ. ಈಗ ಹಿಮ್ಮಡಿಯಿಂದ ಬೆರಳವರೆಗೆ ಒಂದೇ ಸಮ.

ಸೇತುವೆ ಬಂತು. ಎರಡು ದೇವದಾರು ದಿಮ್ಮಿ, ಮೇಲೆ ಹಲಗೆ. ಮೇಲಕ್ಕೆದ್ದ ಒಂದು ಮೊಳೆಯೂ ಸಿಗಲಿಲ್ಲ, ಹುಡುಕಿದೆ. ಚೋಲ್ಪೋನ್ ಪಕ್ಕಕ್ಕೆ ನಿಂತು, ತೀರ್ಮಾನವನ್ನು ಜಿಬೆಕ್‌ಗೇ ಬಿಟ್ಟಳು. ಜಿಬೆಕ್ ನನ್ನ ತೂಕ ಕೇಳಿದಳು. ಎಂಬತ್ತು ಎಂದೆ.

"ನಿಜ ಹೇಳಿ ಅಪ್ಪ. ನನ್ನ ಹತ್ರ ಸುಳ್ಳು ಹೇಳಿ ಪರವಾಗಿಲ್ಲ, ಸೇತುವೆ ಹತ್ರ ಬೇಡ."

"ತೊಂಬತ್ತಾರು."

ಒಬ್ಬಳೂ ನಗಲಿಲ್ಲ. ಹಾಗಾದರೆ ಆರು ಜನ ಬೇಡ, ನಾಲ್ವರೇ ಹೊರಲಿ ಎಂದಳು ಜಿಬೆಕ್. ಹಲಗೆಯ ಸಂದಿಯಲ್ಲಿ ಹೊಳೆ ನೊರೆಗಟ್ಟಿ ಓಡುವುದು ಕಾಣುತ್ತಿತ್ತು. ಸೇತುವೆ ಕಿರ್ರೆನ್ನಲೂ ಇಲ್ಲ. ನಾನು ಇಷ್ಟು ವರ್ಷದಲ್ಲಿ ಕೊಟ್ಟ ಮಾತುಗಳಲ್ಲಿ ಅಷ್ಟು ಗಟ್ಟಿಯಾದದ್ದು ಒಂದೂ ಇರಲಿಲ್ಲ.

ಆಚೆ ದಡದಲ್ಲಿ ಕುರಿಗಾಹಿಗಳ ಮುದುಕಿ ಕುದುರೆ ಹಾಲಿನ ಬಟ್ಟಲು ತಂದಳು. ಹಿರಿಯನಿಗೆ ಮೊದಲು ತಾನೇ ಎಂದು ಕೈ ಚಾಚಿದೆ. "ಮೊದಲು ಹೊತ್ತವರಿಗೆ. ನೀನು ಸಾಮಾನು, ಸುಮ್ನೆ ಮಲ್ಕೋ," ಎಂದಳು.

ಮನೆಗೆ ಬಂದು ಮೊದಲು ಕೇಳಿದ್ದು ಪೆನ್ನು. ಸಹಿ ಹಾಕಿದೆ. ಜಿಬೆಕ್ ಕಾಗದವನ್ನು ಎರಡು ಸಲ ನೋಡಿ, ಹೊರಗೆ ಹೋಗಿ ತುಂಬ ಹೊತ್ತು ಕೈಕಾಲು ತೊಳೆದಳು.

ನಿನ್ನ ದಾರಿ ಬೆಳ್ಳಗಿರಲಿ, ನಿನ್ನ ಒಲೆ ಆರದಿರಲಿ, ಮಕ್ಕಳ ಕಾಲಿಗೆ ಕಲ್ಲು ತಾಗದಿರಲಿ.

ನಿನ್ನ ಅಪ್ಪ,
ಸಾಪರ್ಬೆಕ್

ಮರೆತ ಮಾತು: ಮರೆತದ್ದಲ್ಲ. ಈ ಕಾಗದದ ಜೊತೆ ನಿಮ್ಮೂರು ನಾರಿನ್‌ಗೆ ಬರುವ ಡ್ರೈವರ್ ಒಂದು ಪೆಟ್ಟಿಗೆ ಕೊಡುತ್ತಾನೆ. ಹನ್ನೊಂದು ವರ್ಷದ ಹಿಂದೆ, ಇದೇ ತಂಡಕ್ಕೆ ನಿನ್ನ ಹೆಸರು ಬರಲಿಲ್ಲವೆಂದು ಹೇಳಿದ್ದೆ. ನೀನು ಎರಡು ದಿನ ಊಟ ಬಿಟ್ಟೆ, ಮೂರನೆಯ ದಿನ ಬಂದು ಅಂಗಡಿಯಲ್ಲಿ ಕೂತೆ. ಹೆಸರು ಬಂದಿತ್ತು, ಬುರುಲ್. ಪಟ್ಟಿಯಲ್ಲಿ ಎರಡನೆಯದು. ನಿನಗೆಂದು ಬೂಟನ್ನೂ ತೆಗೆದಿಟ್ಟಿದ್ದೆ, ಮೂವತ್ತೇಳರ ಅಳತೆ. ಆಮೇಲೆ, ಬೆಟ್ಟ ನೋಡಿದವಳು ಅಂಗಡಿಯಲ್ಲಿ ಕೂರಲಾರಳೆಂದು ಹೆದರಿದೆ. ಪೆಟ್ಟಿಗೆಯಲ್ಲಿರುವುದು ಆ ಬೂಟೇ, ಪಟ್ಟಿ ಎಡಗಾಲಿನದರೊಳಗಿದೆ. ಅಟ್ಟೆಯಲ್ಲಿ ಒಂದು ಗೀರೂ ಇಲ್ಲ. ಎರಡು ಹೆರಿಗೆಯಾದ ಮೇಲೆ ಪಾದ ಅಗಲವಾಗುತ್ತದೆ, ಅಂಗಡಿಯಲ್ಲಿ ದಿನವೂ ನೋಡುತ್ತೇನೆ. ಇದು ಈಗ ನಿನ್ನ ಕಾಲಿಗೆ ಹಿಡಿಸದು. ಈ ಊರಿನ ಅರ್ಧ ಜನರ ಕಾಲಿನ ಅಳತೆ ಬಾಯಲ್ಲಿರುವ ನನಗೆ ನಿನ್ನದು ಗೊತ್ತಿಲ್ಲ. ಬರೆದು ತಿಳಿಸು.