ಒಹಾಯೋದ ವಠಾರಕ್ಕೊಂದು ಸಹಿ

ವೆಸ್ಟೆರಾಸ್, ಸ್ವೀಡನ್
ಫೆಬ್ರವರಿ ೩, ೨೦೨೪

ವಠಾರದ ಯಜಮಾನರಾಗಲು ಹೊರಟಿರುವ ನನ್ನ ಯಜಮಾನರಿಗೆ,

ಸೊಂಟ ಹೇಗಿದೆ? ಒಂದು ಸೂಟ್‌ಕೇಸ್ ಎತ್ತಿದರೆ ಮೂರು ದಿನ ಹಾಸಿಗೆ ಹಿಡಿಯುವ ಸೊಂಟ ಈಗ ನಾಲ್ಕು ಮನೆ ಹೊರಲು ಹೊರಟಿದೆಯಲ್ಲ, ಅದಕ್ಕೇ ಕೇಳಿದೆ. ನಾನು, ಕೃತಿ ಚೆನ್ನಾಗಿದ್ದೇವೆ. ಹೊರಗೆ ಮೈನಸ್ ಹನ್ನೊಂದು. ಬಾಗಿಲ ಮೇಲಿನ ಹೆಸರಿನ ಪಟ್ಟಿಯಲ್ಲಿ ಈಗಲೂ ಮೊದಲು ‘ಹಯವದನ’, ಕೆಳಗೆ ನಾವಿಬ್ಬರು.

ನೀವು ಕಳಿಸಿದ ಕಾಗದಗಳು ತಲುಪಿದವು. ಆ ಒಹಾಯೋದಲ್ಲಿ ಕೊಳ್ಳುವ ಮನೆ ಸಾಲಕ್ಕೆ ಅಡವಿಡಲು ಹೆಂಡತಿಯ ಸಹಿಯೂ ಬೇಕಂತೆ. ಹೀಗಾದರೂ ನನ್ನ ನೆನಪಾಯಿತಲ್ಲ. ಫೋನಿನಲ್ಲಿ ನೀವು ಉಬ್ಬಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ನೂರಕ್ಕೆ ಮೂರೂವರೆ ಕೈಯಿಂದ ಹಾಕಿದ್ರೆ ಸಾಕು ಕಣೇ, ಮಿಕ್ಕಿದ್ದು ಲೋನು, ಗೌರ್ಮೆಂಟೇ ಗ್ಯಾರಂಟಿ. ಮೂರು ಮನೆ ಬಾಡಿಗೇಲಿ ನಾಲ್ಕನೇದು ಫ್ರೀ.” ಇಲ್ಲಿ ನೂರಕ್ಕೆ ಹದಿನೈದು ಕೈಯಿಂದ ಹಾಕಿ ಎಂದ ಬ್ಯಾಂಕಿನವಳನ್ನು ಲೇವಾದೇವಿಯವಳು ಎಂದು ಬೈದವರು ತಾವೇ. ಚಾಮರಾಜಪೇಟೆಯ ವಠಾರದಲ್ಲಿ ಒಂದು ನಲ್ಲಿಗೆ ಒಂಬತ್ತು ಮನೆಯ ಕೊಡ ಕಾಯುತ್ತಿದ್ದವೆಂದು ಮಾವನವರು ಊರಾಚೆ ಸೈಟು ಕೊಂಡು ಓಡಿದರು. ಮಗರಾಯ ಅಟ್ಲಾಂಟಿಕ್ ದಾಟಿ, ನಾಲ್ಕೂ ನಲ್ಲಿ ಸೋರುವ ವಠಾರವನ್ನೇ ಹುಡುಕಿ ಹಿಡಿದಿದ್ದಾರೆ. ವಂಶೋದ್ಧಾರ ಅಂದರೆ ಇದೇ ಇರಬೇಕು. ನಾಲ್ಕು ಅಡುಗೆಮನೆಯ ಫೋಟೋ ನೋಡಿ ಕೃತಿ ಕೇಳಿದಳು, “ಪಪ್ಪಂಗೆ ಅಷ್ಟೊಂದು ಹಸಿವಾ?” ನಾನು ಹೌದೆಂದೆ.

ನೀವು ಓದದೆ ಸಹಿ ಹಾಕುವವರು. ನಾನು ಹಾಲಿನ ಪ್ಯಾಕೆಟ್ಟನ್ನೂ ಓದುವವಳು. ಹನ್ನೊಂದನೇ ಪುಟದಲ್ಲಿ ಹೀಗಿದೆ: ಕೊಂಡವನು ಅರವತ್ತು ದಿನದೊಳಗೆ ಅದರಲ್ಲೊಂದು ಮನೆಗೆ ಬಂದು, ಕಡಿಮೆಯೆಂದರೆ ಒಂದು ವರ್ಷ ಅಲ್ಲೇ ವಾಸಿಸಬೇಕು. ಕೆಳಗೆ ನಿಮ್ಮ ಸಹಿ, ಬಾಲ ಸಮೇತ. ಕಂಪನಿ ನಿಮ್ಮನ್ನು ಕಳಿಸಿದ್ದು ಹತ್ತು ತಿಂಗಳಿಗೆ, ಅದು ಮುಗಿಯುವುದು ಜೂನ್‌ಗೆ. ಹಾಗಾದರೆ ಹೇಗೆ ಎಂದು ಪುಟ ತಿರುಗಿಸಿದರೆ ಬ್ಯಾಂಕಿಗೆ ನೀವೇ ಬರೆದ ಪತ್ರ: ‘ಇಲ್ಲೇ ಕೆಲಸ ಮುಂದುವರಿಯಲಿದೆ, ಹೆಂಡತಿ ಮಗಳು ಜೂನ್‌ನಲ್ಲಿ ಬಂದು ಸೇರುತ್ತಾರೆ.’ ಮಗಳಿಗೆ ಹೇಳಿದ್ದೇನು? “ಜೂನ್‌ಗೆ ಬಂದ್ಬಿಡ್ತೀನಿ ಪುಟ್ಟಿ.” ಒಂದೇ ಜೂನ್, ಎರಡು ವಿಮಾನ, ಎದುರುಬದುರು ದಿಕ್ಕು. ನನ್ನ ಕೆಲಸ, ಅವಳ ಶಿಶುವಿಹಾರ ಡಾಗಿಸ್, ಆರು ವರ್ಷ ಸರದಿಯಲ್ಲಿ ಕಾದು ಸಿಕ್ಕ ಈ ಬಾಡಿಗೆ ಮನೆ, ಇವೆಲ್ಲ ನಿಮ್ಮ ಒಂದು ವಾಕ್ಯದಲ್ಲಿ ಗಂಟುಮೂಟೆ ಕಟ್ಟಿಯಾಗಿದೆ. ಇಂಜಿನಿಯರರ ಲೆಕ್ಕಾಚಾರ ನೋಡಿ. ಸೋರುವ ಪೈಪಿಗೆ ಅಂದಾಜು ವೆಚ್ಚವಿದೆ, ನಮಗಿಲ್ಲ.

ನೀವು ಬ್ಯಾಂಕಿಗೆ ಸುಳ್ಳು ಹೇಳಿದ್ದರೆ ಅದು ಅಪರಾಧ. ಮಗಳಿಗೆ ಹೇಳಿದ್ದರೆ ಅದಕ್ಕೆ ಯಾವ ಕಾನೂನೂ ಇಲ್ಲ. ಅದಕ್ಕೇ ನೀವು ಯಾವುದನ್ನು ಆರಿಸಿಕೊಂಡಿರಬಹುದೆಂದು ನನಗೆ ಗೊತ್ತು.

ಪೈಪು, ಛಾವಣಿ, ಮೂರು ಮನೆಯ ಬಾಡಿಗೆದಾರರು, ಎಲ್ಲರಿಗೂ ನನ್ನ ಶುಭಾಶಯ ತಿಳಿಸಿ. ಭಾರ ಎತ್ತಬೇಡಿ.

ಇತಿ,
ಒಂದೇ ಮನೆಯವಳು,
ಕುಮುದಾ

ತಾ.ಕ.: ನಾನು ಸಹಿ ಮಾಡಿಲ್ಲ. ಮೊನ್ನೆ ಡಾಗಿಸ್‌ನಲ್ಲಿ ಯಾರೋ ನಿನ್ನ ಪಪ್ಪ ಬರಲ್ಲ ಅಂದರಂತೆ. ಕೃತಿ ಬೂಟು ಬಿಚ್ಚುವ ಮೊದಲೇ ಕೇಳಿದಳು, “ಅಮ್ಮಾ, ಜೂನ್‌ಗೆ ಖಂಡಿತಾನಾ?” ಖಂಡಿತ, ನಾನಿದ್ದೀನಲ್ಲ, ಎಂದಿದ್ದೆ. ನಿಮ್ಮ ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲಲಿ. ನಿಮ್ಮ ಮಾತಿಗೆ ನಿಂತಿದ್ದವಳು ನಾನು. ಇವತ್ತಿನಿಂದ ನಿಲ್ಲುವುದಿಲ್ಲ. ಮುಂದಿನ ಭಾನುವಾರ ಫೋನನ್ನು ಅವಳ ಕೈಗೇ ಕೊಡುತ್ತೇನೆ. ಯಾವ ಜೂನ್ ಎಂದು ನೀವೇ ಹೇಳಿ.