ಕೂರದ ಬಾಗಿಲು

ಮಾರೇನಹಳ್ಳಿ, ವಿಜಯನಗರ
ಬೆಂಗಳೂರು
ಭಾನುವಾರ, 17 ಆಗಸ್ಟ್ 2025

ಪ್ರೀತಿಯ ತಮ್ಮ ನಾಗೇಂದ್ರನಿಗೆ ನಿನ್ನ ಅಕ್ಕ ಶಶಿಕಲಾ ಮಾಡುವ ಆಶೀರ್ವಾದ.

ಹೇಗಿದೀಯ ಕಣೋ? ಸೊಂಟನೋವು ಕಡಿಮೆ ಆಯ್ತಾ? ಟ್ರೈಲರ್ ಸೀಟಿಗೆ ದಿಂಬು ಹಾಕ್ಕೊ ಅಂತ ಹೇಳಿದ್ದೆ, ಹಾಕ್ಕೊಂಡೆಯೋ ಇಲ್ವೋ. ಆ ಸೌದಿಯ ದಮ್ಮಾಮಿನಲ್ಲಿ ಬಿಸಿಲು ಎಷ್ಟಿದೆ ಅಂತ ಸುಮಾ ದಿನಾ ಮೊಬೈಲಲ್ಲಿ ನೋಡಿ ಹೇಳ್ತಾಳೆ, ಕೇಳಿದರೇನೇ ನನಗೆ ಗಂಟಲು ಒಣಗುತ್ತೆ. ಲೋಡು ಇಳಿಸೋವಾಗ ತಲೆಗೆ ಒದ್ದೆ ಬಟ್ಟೆ ಕಟ್ಟಿಕೋ. ಮಜ್ಜಿಗೆ ಸಿಕ್ಕರೆ ಟೀ ಬಿಟ್ಟು ಅದನ್ನೇ ಕುಡಿ. ಇಲ್ಲಿ ನಾನು, ನಿಮ್ಮ ಭಾವ, ಮಗಳು ಸುಮಾ ಆರೋಗ್ಯವಾಗಿದೀವಿ. ವಾರಕ್ಕೊಂದು ಸಲ ಫೋನಲ್ಲಿ ಮಾತಾಡ್ತಾ ಇರೋವಾಗ ಈ ಅಕ್ಕ ಯಾಕೆ ಕಾಗದ ಬರೆದಳು ಅಂತ ಗಾಬರಿ ಬೀಳಬೇಡ. ನಮ್ಮ ಎರಡು ರೂಮಿನ ಮನೇಲಿ ಅಪ್ಪನಿಗೆ ಕೇಳಿಸದ ಹಾಗೆ ಮಾತಾಡೋಕೆ ಜಾಗ ಎಲ್ಲಿದೆ ಹೇಳು. ಕಣ್ಣು ಮಂದ ಆದಷ್ಟೂ ಅವರ ಕಿವಿ ಚುರುಕಾಗ್ತಿದೆ. ಮೆಸೇಜ್ ಮಾಡೋಣ ಅಂತ ನಾಲ್ಕು ಸಾಲು ಬರೆದೆ, ಓದಿದರೆ ಯಾರೋ ಬೇರೆಯವರ ಮನೆ ಸುದ್ದಿ ಥರ ಇತ್ತು, ಅಳಿಸಿಬಿಟ್ಟೆ. ಪಕ್ಕದ ಮನೆ ಕೃಷ್ಣಯ್ಯನವರ ಅಳಿಯ ಅಭಿನವ್ ರಜೆ ಮುಗಿಸಿ ಇವತ್ತು ಸಂಜೆ ನಿಮ್ಮೂರಿಗೇ ವಾಪಸ್ ಹೊರಡ್ತಿದಾನಲ್ಲ, ಅವನ ಕೈಲಿ ಕೊಟ್ಟು ಕಳಿಸ್ತೀನಿ. ಜೊತೆಗೆ ಹುರಳಿಕಾಳಿನ ಚಟ್ನಿಪುಡಿ, ಚಕ್ಕುಲಿ ಇಟ್ಟಿದೀನಿ. ಚಕ್ಕುಲಿ ಒಂದೆರಡು ಮುರಿದಿರಬಹುದು, ಬೇಜಾರು ಮಾಡ್ಕೋಬೇಡ.

ಜೂನ್ ತಿಂಗಳಲ್ಲಿ ಇದೇ ಅಭಿನವ್ ಹತ್ರ ನೀನು ಕಳಿಸಿದ್ದ, ಚೂರು ಚೂರು ಜೋಡಿಸಿ ಮಾಡೋ ಆ ಪುಟ್ಟ ಪ್ಲಾಸ್ಟಿಕ್ ಫಿಯೆಟ್ ಕಾರಿನ ವಿಷಯ ಹೇಳಬೇಕು. ಪೊಟ್ಟಣ ಬಿಚ್ಚಿದ ದಿನ ಅಪ್ಪನ ಮುಖ ನೀನು ನೋಡಬೇಕಿತ್ತು. ಡಬ್ಬಿಯ ಮುಚ್ಚಳದ ಮೇಲೆ ಆ ಹಾಲುಕೆನೆ ಬಣ್ಣದ ಹಳೇ ಕಾರಿನ ಚಿತ್ರ ಇತ್ತಲ್ಲ, ಅದನ್ನ ಮೂಗಿಗೆ ತಾಗೋ ಅಷ್ಟು ಹತ್ತಿರ ಹಿಡಿದು, ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಸ್ತಾ ಪೂರ್ತಿ ಕಾರು ನೋಡಿ ಮುಗಿಸಿದರು. ಮಾಗಡಿ ರೋಡಿನ ಗ್ಯಾರೇಜಲ್ಲಿ ಮೂವತ್ತೆಂಟು ವರ್ಷ ಟಿಂಕರಿಂಗ್ ಮಾಡಿದ ಮನುಷ್ಯ. ನುಜ್ಜುಗುಜ್ಜಾಗಿ ಬಂದ ಫಿಯೆಟ್ಟುಗಳನ್ನ ಬಡಿದು ಬಡಿದು ಮೊದಲಿನ ಹಾಗೆ ನಿಲ್ಲಿಸ್ತಿದ್ದವರು. ನಾವು ಚಿಕ್ಕವರಿದ್ದಾಗ ಸಿಗ್ನಲಲ್ಲಿ ನಿಂತ ಕಾರುಗಳನ್ನ ತೋರಿಸಿ, ಇದು ಒಂದು ಸಲ ಗುದ್ದಿಸಿಕೊಂಡಿದೆ, ಬಾಗಿಲ ಸಂದು ಮೇಲೆ ಒಂದು ಥರ ಕೆಳಗೆ ಒಂದು ಥರ ಇದೆ ನೋಡು ಅಂತಿದ್ದರಲ್ಲ. ಅಂಥವರಿಗೆ ನೀನು ಅದೇ ಕಾರನ್ನ ಅಂಗೈಯಗಲ ಮಾಡಿ ಕಳಿಸಿದ್ದೆ. ನಿನ್ನ ಮನಸ್ಸು ನನಗೆ ಅರ್ಥ ಆಗುತ್ತೆ. ಕೆಲಸ ಬಿಟ್ಟ ಮೇಲೆ ಸುಮ್ಮನೆ ಗೋಡೆ ನೋಡ್ಕೊಂಡು ಕೂರ್ತಾರೆ ಅಂತ ನಾನೇ ನಿನ್ನ ಹತ್ರ ಹೇಳಿಕೊಂಡಿದ್ದೆ.

ಮಾರನೇ ದಿನವೇ ಕೆಲಸ ಶುರು ಆಯ್ತು. ಬಾಗಿಲ ಹತ್ರ ಬೆಳಕು ಬೀಳೋ ಕಡೆ ಚಾಪೆ ಹಾಕ್ಕೊಂಡು, ಉರುಳಿಹೋಗಬಾರದು ಅಂತ ಅಮ್ಮನ ಹಳೇ ಮೊರದಲ್ಲಿ ಸಾಮಾನು ಇಟ್ಟುಕೊಂಡು ಕೂತರು. ಕರಿಬೇವಿನ ಕಡ್ಡಿಗೆ ಎಲೆ ಇರೋ ಹಾಗೆ ಪ್ಲಾಸ್ಟಿಕ್ ಕಡ್ಡಿಗೆ ಚೂರುಪಾರೆಲ್ಲ ಅಂಟಿಕೊಂಡಿತ್ತು, ಒಂದೊಂದೇ ಬಿಡಿಸಿ ನನ್ನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಹಾಕಿದರು. ಆ ವಾರ ನಮ್ಮನೇಲಿ ಇಡ್ಲಿ ಇಲ್ಲ, ನಿಮ್ಮ ಭಾವ ಗೊಣಗಿದರು. ನನಗೆ ಅದೂ ಸಂತೋಷವೇ ಆಗಿತ್ತು. ಅಪ್ಪನನ್ನ ಊಟಕ್ಕೆ ಕರೆದರೆ ತಾಳಮ್ಮ ಬಂದೆ ಅನ್ನೋರು, ಎಷ್ಟೋ ವರ್ಷದ ಮೇಲೆ ಆ ಮಾತು ಕೇಳಿದೆ.

ಇಂಜಿನ್ನು, ಸೀಟು, ಸ್ಟೇರಿಂಗು ಎಲ್ಲ ಹೇಗೋ ಕೂತವು. ತೊಂದರೆ ಬಂದದ್ದು ಮೈ ಜೋಡಿಸೋವಾಗ. ಎಡಗಡೆ ಬಾಗಿಲು ಚೌಕಟ್ಟಿಗಿಂತ ದೊಡ್ಡದು, ಹೊರಗೆ ಉಬ್ಬಿಕೊಂಡು ನಿಲ್ಲುತ್ತೆ. ಬಲಗಡೆಯದು ಸಂದು ಮುಚ್ಚಲ್ಲ. ಬಾನೆಟ್ ಮುಂದೆ ಒತ್ತಿದರೆ ಹಿಂದೆ ಎದ್ದೇಳುತ್ತೆ. ಚಕ್ರ ಹಾಕಿ ಮೊರದಲ್ಲಿ ನಿಲ್ಲಿಸಿದರೆ ಮೂರು ಕಾಲಿನ ಮೇಲೆ ನಿಂತ ನಾಯಿ ಥರ ಒಂದು ಚಕ್ರ ಗಾಳೀಲಿ. ಅಪ್ಪ ಅಂಟು ಹಾಕೋದು, ಕೀಳೋದು, ಸಣ್ಣ ಅರ ತಗೊಂಡು ಉಜ್ಜೋದು, ಮತ್ತೆ ಇಟ್ಟು ನೋಡೋದು. ಅವರ ಕಣ್ಣಿನ ಕಾಯಿಲೆ ನಿನಗೆ ಗೊತ್ತಲ್ಲ, ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ಸುತ್ತಲಿಂದ ಮಂಕಾಗ್ತಾ ಬರೋದು. ಕೊಳವೆ ಒಳಗಿಂದ ಇಣುಕಿದ ಹಾಗೆ, ಬಾಗಿಲು ಕಂಡರೆ ಚೌಕಟ್ಟು ಕಾಣಲ್ಲ, ಚೌಕಟ್ಟು ಕಂಡರೆ ಬಾಗಿಲು ಎಲ್ಲೋ. ನಾಲ್ಕೈದು ದಿನ ಆದಮೇಲೆ ಒಂದು ಮಧ್ಯಾಹ್ನ ಅರ ಕೆಳಗಿಟ್ಟು, ಕಬ್ಬಿಣ ಆಗಿದ್ರೆ ಬಡಿದಾದ್ರೂ ದಾರಿಗೆ ತರ್ತಿದ್ದೆ ಕಣಮ್ಮ, ಇದು ನನ್ನ ಕಣ್ಣಿನ ದೋಷ, ಏನು ಮಾಡೋಣ ಅಂದರು. ನಿನ್ನ ಹತ್ರ ಮಾತ್ರ ಫೋನಲ್ಲಿ, ಮುಗೀತಾ ಬಂತು, ಪೇಂಟ್ ಒಂದು ಬಾಕಿ ಅಂತಿದ್ದರು.

ಅವರು ಸ್ನಾನಕ್ಕೆ ಹೋದಾಗ ನಾನೇ ಕೂತು ನೋಡಿದೆ. ಟೈಲರಿಂಗ್ ಮಾಡೋ ಕೈ ನಂದು, ಕಣ್ಣು ಚೆನ್ನಾಗೇ ಇದೆ. ನನ್ನ ಕೈಲೂ ಕೂರಲಿಲ್ಲ. ಎಡಗಡೆ ಭಾಗ ಬಲಗಡೆ ಭಾಗ ಒಂದರ ಮೇಲೊಂದು ಇಟ್ಟು ನೋಡಿದರೆ ಒಂದು ಅಕ್ಕಿಕಾಳಿನಷ್ಟು ಉದ್ದ ಗಿಡ್ಡ ಇದೆ. ಮೇಲ್ಛಾವಣಿ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಡೊಂಕು. ಅಚ್ಚಲ್ಲೇ ಕೆಟ್ಟಿರೋ ಮಾಲು ನಾಗೇಂದ್ರ, ನೀನು ಪಾಪ ಡಬ್ಬಿ ನೋಡಿ ತಗೊಂಡಿರ್ತೀಯ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಅವರು ಮೈ ಒರೆಸಿಕೊಳ್ಳೋಕೂ ಬಿಡದೆ ಓಡಿಹೋಗಿ ಹೇಳಿದೆ, ಅಪ್ಪಾ, ನಿಮ್ಮ ಕಣ್ಣಿಂದಲ್ಲ, ಸಾಮಾನೇ ಸೊಟ್ಟ ಇದೆ ಅಂತ. ಅವರು ನಂಬಲಿಲ್ಲ. ಸುಮಾ ಕೈಲೂ ಹೇಳಿಸಿದೆ. ಅಮ್ಮ ಮಗಳು ಇಬ್ಬರೂ ಸೇರಿ ನನಗೆ ಸಮಾಧಾನ ಮಾಡ್ತಿದೀರಾ ಅಂದರು. ಆಮೇಲೆ ಸ್ವಲ್ಪ ಗಡುಸಾಗಿ, ನನ್ನ ಮಗ ಅಷ್ಟು ದೂರದಲ್ಲಿ ಬೆವರು ಸುರಿಸಿ ದುಡಿದು ಕಳಿಸಿರೋ ಸಾಮಾನಿಗೆ ಹೆಸರಿಡಬೇಡ ಅಂದರು. ನಿನ್ನ ಸಾಮಾನು ಕೆಟ್ಟದ್ದು ಅಂತ ಒಪ್ಪೋಕಿಂತ ತನ್ನ ಕೈ ಕೆಟ್ಟಿತು ಅಂತ ಒಪ್ಪೋದೇ ಅವರಿಗೆ ಸುಲಭ ಆಯ್ತು.

ಅಷ್ಟಕ್ಕೆ ನಿಂತಿದ್ದರೂ ಪರವಾಗಿರಲಿಲ್ಲ. ಆಷಾಢದ ಕೊನೇಲಿ ಲಿಂಗಪ್ಪಣ್ಣ ಬಂದರು. ಅಪ್ಪನ ಜೊತೆ ಗ್ಯಾರೇಜಲ್ಲಿ ಇದ್ದರಲ್ಲ, ಈಗ ಕುರುಬರಹಳ್ಳೀಲಿ ಸ್ವಂತ ಶೆಡ್ ಹಾಕಿದಾರೆ. ಅಪ್ಪನಿಗೆ ಆ ಮನುಷ್ಯನ ಮಾತು ಅಂದ್ರೆ ವೇದವಾಕ್ಯ. ಇಬ್ಬರೂ ಒಬ್ಬರ ಕೆಲಸ ಒಬ್ಬರು ಬೈದುಕೊಂಡೇ ಬದುಕಿದವರು. ಅವರು ಕೂತ ತಕ್ಷಣ ಅಪ್ಪ ಕಾರನ್ನ ತಂದು ಕೈಗೆ ಕೊಟ್ಟರು. ಲಿಂಗ, ಸುಳ್ಳು ಹೇಳಬೇಡ, ಬಾಗಿಲು ಹೇಗೆ ಕೂತಿದೆ ನೋಡು ಅಂದರು. ಆ ಪುಣ್ಯಾತ್ಮ ಕಾರು ನೋಡಿದರು, ಕಿಟಕಿ ಮೇಲಿದ್ದ ಕಣ್ಣಿನ ಔಷಧಿ ಬಾಟಲಿಗಳನ್ನ ನೋಡಿದರು, ಅಪ್ಪನ ಮುಖ ನೋಡಿದರು. ಚೆನ್ನಾಗಿ ಕೂತಿದೆ ಚಿಕ್ಕಣ್ಣ, ನಿನ್ನ ಕೈ ಇನ್ನೂ ಹೋಗಿಲ್ಲ ಬಿಡು ಅಂದರು. ನಾನು ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದೆ. ಅಪ್ಪ ಕಾರು ವಾಪಸ್ ಇಸ್ಕೊಂಡು, ಬಾಗಿಲ ಸಂದಿನ ಉದ್ದಕ್ಕೂ ಹೆಬ್ಬೆರಳಿನ ಉಗುರು ಎಳೆದರು. ಉಗುರು ಪೂರ್ತಿ ಒಳಗೆ ಹೋಯ್ತು. ಮಳೆ ಬಗ್ಗೆ, ಲಿಂಗಪ್ಪಣ್ಣನ ಮಗಳ ಬಾಣಂತನದ ಬಗ್ಗೆ ಮಾತಾಡಿ ಕಳಿಸಿಕೊಟ್ಟರು.

ಅವರು ಮೆಟ್ಟಿಲು ಇಳಿದ ಮೇಲೆ ಅಪ್ಪ ನನ್ನ ಕರೆದು ಹೇಳಿದ ಮಾತು ನಾನು ಸಾಯೋತನಕ ಮರೆಯಲ್ಲ. ಲಿಂಗ ನನ್ನ ಕೆಲಸ ನೋಡಿ ಒಂದು ದಿನವೂ ಚೆನ್ನಾಗಿದೆ ಅಂದವನಲ್ಲ, ಇವತ್ತು ಅಂದ ಅಂದ್ರೆ ನನ್ನ ಕಥೆ ಮುಗೀತು ಅಂತ ಊರಿಗೆಲ್ಲ ಗೊತ್ತಾಗಿದೆ ಅಂದರು. ನಾನು ಮಾರನೇ ದಿನ ಬಸ್ಸು ಹತ್ತಿ ಕುರುಬರಹಳ್ಳಿಗೆ ಹೋದೆ. ಲಿಂಗಪ್ಪಣ್ಣ ಹಣೆ ಚಚ್ಚಿಕೊಂಡರು. ಅಯ್ಯೋ ತಾಯಿ, ಆ ಬಾಗಿಲಿನ ಸಾಮಾನೇ ಸೊಟ್ಟ ಅಂತ ಕೈಗೆ ತಗೊಂಡ ತಕ್ಷಣ ತಿಳೀತು, ಅವನ ಮುಖ ನೋಡಿ ಬಾಯಿ ಬರಲಿಲ್ಲ ಅಂದರು. ಕೆಲಸ ಬಿಟ್ಟು ನನ್ನ ಹಿಂದೆಯೇ ಸ್ಕೂಟರ್ ಹಾಕ್ಕೊಂಡು ಬಂದರು. ಬಂದು ಹೇಳಿದರು ಕೂಡ, ಚಿಕ್ಕಣ್ಣ ನಿನ್ನೆ ನಾನು ಸುಳ್ಳು ಹೇಳಿದೆ, ಆ ಮಾಲು ದೇವರು ಬಂದರೂ ಕೂರಲ್ಲ ಅಂತ. ಅಪ್ಪ ನಕ್ಕರು. ನನ್ನ ಮಗಳು ಕರ್ಕೊಂಡು ಬಂದ್ಲಾ ಅಂತ ಕೇಳಿದರು.

ಆಗ ಅಪ್ಪ ಬಗ್ಗಿ ಮಂಚದ ಕೆಳಗಿಂದ ತಮ್ಮ ಸಾಮಾನಿನ ಪೆಟ್ಟಿಗೆ ಎಳೆದರು. ಸುತ್ತಿಗೆಗಳು, ತಗಡಿನ ಹಿಂದೆ ಕೊಟ್ಟು ಬಡಿಯೋ ಆ ಕಬ್ಬಿಣದ ಗಟ್ಟಿಗಳು, ಅರಗಳು. ಕೆಲಸ ಬಿಟ್ಟು ಇಷ್ಟು ವರ್ಷ ಆದರೂ ತಿಂಗಳಿಗೊಂದು ಸಲ ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡ್ತಿದ್ದರು. ತುಕ್ಕು ಅನ್ನೋದು ಒಂದು ಚುಕ್ಕೆ ಇರಲಿಲ್ಲ. ನಿನ್ನ ಶೆಡ್ಡಲ್ಲಿ ಹುಡುಗರು ಉಪಯೋಗಿಸಲಿ, ತಗೊಂಡು ಹೋಗು ಲಿಂಗ ಅಂದರು. ಲಿಂಗಪ್ಪಣ್ಣ ಬೇಡ ಬೇಡ ಅಂತ ಕೈ ಮುಗಿದರು. ಅಪ್ಪ ಬಿಡಲಿಲ್ಲ. ಆ ಮನುಷ್ಯ ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲು ಇಳಿಯೋವಾಗ ಅಳ್ತಾ ಇದ್ದರು ನಾಗೇಂದ್ರ, ಅಪ್ಪ ಅಳಲಿಲ್ಲ. ಆ ಕಾರಿನ ಚೂರುಗಳನ್ನೆಲ್ಲ ಡಬ್ಬಿಗೆ ತುಂಬಿ ಸಜ್ಜದ ಮೇಲೆ ಹಾಕು ಅಂದರು. ಇಡ್ಲಿ ತಟ್ಟೆ ತೊಳೆದು ಅದರ ಜಾಗದಲ್ಲಿ ಇಟ್ಟೆ. ಯಾರಿಗೂ ಇಡ್ಲಿ ಬೇಕಾಗಿಲ್ಲ.

ಹೋದ ವಾರ ರಾಜಾಜಿನಗರದ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಕಾಪಾಡಿಕೊಳ್ಳೋಕೆ ಔಷಧಿ ಬಿಡ್ತಾ ಇರಿ ಅಂದರು. ಬರೋವಾಗ ಆಟೋ ಮಾರೇನಹಳ್ಳಿ ಸಿಗ್ನಲಲ್ಲಿ ನಿಂತಿತ್ತು, ಪಕ್ಕದಲ್ಲೇ ಮುಂದೆ ಜಜ್ಜಿಹೋದ ಕಾರೊಂದು ನಿಂತಿತ್ತು. ಕಾಣಲಿ ಬಿಡಲಿ, ಯಾರ ಕೈಗೆ ಸಿಕ್ಕಿ ಸರಿಯಾಗುತ್ತೋ ಅಂತ ಏನಾದರೂ ಅಂತಾರೆ ಅಂದುಕೊಂಡು, ಅಪ್ಪಾ ಆ ಕಾರು ನೋಡಿದ್ರಾ ಅಂತ ಕೇಳಿದೆ. ಅವರು ತಲೆ ಎತ್ತಲಿಲ್ಲ. ಈಗ ಸಂಜೆ ಹೊತ್ತು ಬಾಗಿಲಿಗೂ ಬಂದು ಕೂರಲ್ಲ. ಊಟ ಮುಂದೆ ಇಟ್ಟರೆ ಮಾಡ್ತಾರೆ, ಇಡದಿದ್ದರೆ ಕೇಳಲ್ಲ. ಬೈಯಲಿ, ಕಿರುಚಲಿ ಅಂತ ನಾನೇ ಬೇಕಂತ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ ಒಂದು ದಿನ. ಪೂರ್ತಿ ತಿಂದು ತಟ್ಟೇಲಿ ಕೈ ತೊಳೆದರು.

ಅದಕ್ಕೇ ನಿನ್ನ ಕೇಳ್ಕೊಳ್ತೀನಿ. ಮುಂದಿನ ಸಲ ಫೋನ್ ಮಾಡಿದಾಗ ನೀನೇ ಹೇಳು, ಅಪ್ಪಾ ನಾನು ಕಳಿಸಿದ್ದು ಕೆಟ್ಟ ಮಾಲು, ಅಂಗಡಿಯವನು ನನಗೆ ಟೋಪಿ ಹಾಕಿದ, ಇನ್ನೂ ಎಷ್ಟೋ ಜನಕ್ಕೆ ಹಾಗೇ ಆಗಿದೆ ಅಂತ. ನಾನು ಹೇಳಿದ್ದು ಅಂತ ಮಾತ್ರ ಬಾಯಿ ಬಿಡಬೇಡ. ನಿನ್ನ ಬಾಯಿಂದ ಬಂದರೆ ನಂಬ್ತಾರೇನೋ. ನಂಬದೆಯೂ ಇರಬಹುದು. ನನಗೆ ಈಗ ಯಾವುದರ ಮೇಲೂ ಭರವಸೆ ಇಲ್ಲ ಕಣೋ, ಆದರೂ ಪ್ರಯತ್ನ ಮಾಡೋಣ.

ನಿಮ್ಮ ಭಾವ ನಿನ್ನ ಕೇಳಿದೆ ಅಂತ ಬರೆಯೋಕೆ ಹೇಳಿದಾರೆ. ಸುಮಾ ಮಾಮನಿಗೆ ನಮಸ್ಕಾರ ಹೇಳಿದಾಳೆ, ಸೆಕೆಂಡ್ ಪಿಯುಸಿ ಓದ್ತಾ ಇದಾಳೆ ಅನ್ನೋದನ್ನ ಬಿಟ್ಟು ಮಿಕ್ಕಿದ್ದೆಲ್ಲ ನೆನಪಿದೆ ಅವಳಿಗೆ. ಗೌರಿ ಹಬ್ಬ ಹತ್ತಿರ ಬಂತು, ಬಾಗಿನದಲ್ಲಿ ತವರಿನವರ ಹೆಸರಲ್ಲಿ ನಿನ್ನ ಹೆಸರು ಹೇಳಿ ಕೈ ಮುಗೀತೀನಿ. ರಸ್ತೇಲಿ ಜೋಪಾನ, ನಿದ್ದೆಗಣ್ಣಲ್ಲಿ ಗಾಡಿ ಓಡಿಸಬೇಡ. ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ ದಾರಿ ನೋಡೋ ಅಕ್ಕ,
ಶಶಿ

ವಿ.ಸೂ.: ಅಭಿನವ್ ಬಂದು ಕೆಳಗೆ ನಿಂತಿದಾನೆ, ಬೇಗ ಬರೀತೀನಿ. ಡಾಕ್ಟರ್ ಹೇಳಿದ್ದನ್ನ ಮೇಲೆ ಪೂರ್ತಿ ಬರೆದಿಲ್ಲ. ಎಡಗಣ್ಣು ಆಗಲೇ ಹೋಗಿದೆ. ಬಲಗಣ್ಣು ಈ ವರ್ಷ ದಾಟೋದು ಕಷ್ಟ ಅಂದರು. ಹೋದ ಭಾನುವಾರ ವಿಡಿಯೊ ಕಾಲಲ್ಲಿ ಅಪ್ಪ, ನೀಲಿ ಶರ್ಟು ಒಪ್ಪುತ್ತೆ ಕಣೋ, ಗಡ್ಡ ಯಾಕೆ ಬಿಟ್ಟಿದೀಯ ಅಂತ ಕೇಳಿದರಲ್ಲ, ಅದು ಫೋನ್ ಕೊಡೋವಾಗ ನಾನು ಅವರ ಕಿವೀಲಿ ಹೇಳಿದ್ದು. ಅವರೇ ಹೇಳಿಕೊಡು ಅಂತ ಕೇಳ್ತಾರೆ, ಪ್ರತಿ ವಾರ. ಫೋನಲ್ಲಿ ಅವರಿಗೆ ಬರೀ ಬೆಳಕು ಕಾಣುತ್ತೆ, ನೀನು ಕಾಣಲ್ಲ. ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿದಾರೆ. ಹಗಲು ಬೆಳಕಲ್ಲಿ ಹತ್ತಿರ ಎದುರಿಗೆ ಕೂತರೆ ಇನ್ನೂ ಮುಖ ಗುರುತು ಸಿಗುತ್ತೆ. ನಿನ್ನ ಪಾಸ್‌ಪೋರ್ಟ್ ಕಂಪನಿಯವರ ಹತ್ರ ಇದೆ, ಬರೋ ವರ್ಷದ ತನಕ ಬಿಡಲ್ಲ ಅಂತ ಗೊತ್ತು. ಗೊತ್ತಿದ್ದೂ ಬರೀತಿದೀನಿ. ಒಂದು ಸಲ ಕೇಳಿ ನೋಡು. ಹೇಗಾದರೂ ಬಾ.