ಹಳೇ ಕೋಟಿನ ಬಿಲ್ಲೆ

ಮನೆಯಿಂದ,
ಮಾರ್ಚ್ ೧೪, ಶುಕ್ರವಾರ ಸಂಜೆ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಔಷಧಿಯನ್ನು ಅರ್ಧಕ್ಕೇ ಬಿಡುವ ಚಾಳಿ ಇನ್ನೂ ಇದೆಯೋ ಏನೋ. ಅಪ್ಪನ ಮಂಡಿನೋವು ಕಡಿಮೆಯಾಗಿದೆ.

ಸರ್ಕಾರ ಅಗ್ನಿಶಾಮಕ ಠಾಣೆ ಮುಚ್ಚಿದ ಮೇಲೆ ಬೀದಿಯವರೇ ಸಂಘ ಕಟ್ಟಿ ಹಳೇ ಬೆಂಕಿ ಗಾಡಿಯನ್ನು ಕೊಂಡದ್ದು ನಿನಗೆ ಗೊತ್ತು. ಆ ಠಾಣೆಯ ಮುಖ್ಯಸ್ಥರಾಗಿ ನಿವೃತ್ತರಾದ ಅಪ್ಪನನ್ನು ಎಷ್ಟು ಕರೆದರೂ ಅವರು ಹೋಗಲಿಲ್ಲ. "ಅಲ್ಲಿ ನನ್ನ ಮಗ ಠಾಣೆ ಮತ್ತೆ ತೆರೆಸೋಕೆ ಊರೂರು ತಿರುಗಿ ಅರ್ಜಿಗೆ ಸಹಿ ಹಾಕಿಸ್ತಿದ್ದಾನೆ. ಇಲ್ಲಿ ನಾನು ಹೋಗಿ ನಿಂತರೆ, ಸರ್ಕಾರ ಕೈ ತೊಳೆದುಕೊಳ್ಳೋಕೆ ನಾನೇ ನೀರು ಹಾಕಿದ ಹಾಗೆ" ಎಂದರು. ಆದರೆ ಪ್ರತಿ ಭಾನುವಾರ ಸಂಘದ ಅಭ್ಯಾಸ ನೋಡಲು ಕಿಟಕಿ ಬಳಿ ಕುರ್ಚಿ ಹಾಕಿಕೊಳ್ಳುವುದು ಮಾತ್ರ ತಪ್ಪಲಿಲ್ಲ. ಕ್ಷೌರದಂಗಡಿಯವರು ಪೈಪು ಹಿಡಿಯುವುದು ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುವ ಹಾಗಿದೆ ಎಂದು ಅವರ ತಮಾಷೆ.

ಮಂಗಳವಾರ ಮಧ್ಯಾಹ್ನ ಎದುರಿನ ಬಡಗಿಯ ಕೊಟ್ಟಿಗೆಗೆ ಬೆಂಕಿ ಬಿತ್ತು. ಬಡಗಿ ಸಂಘಕ್ಕೆ ಸೇರಿದವರಲ್ಲ, ಸೇರಿದವರನ್ನು ಆಡಿಕೊಳ್ಳುತ್ತಿದ್ದವರು. ಆ ಮಾತನ್ನು ಯಾರೂ ಎತ್ತಲಿಲ್ಲ. ಬೇಕರಿಯವರು ಮೈದಾ ಮೆತ್ತಿದ ಕೈಯಲ್ಲೇ ಗಾಡಿ ತಂದರು, ಮೇಷ್ಟ್ರು ತರಗತಿ ಬಿಟ್ಟು ಓಡಿಬಂದರು. ನಿಜ ಹೇಳಬೇಕೆಂದರೆ ಅಪ್ಪನ ಕಾಲದಲ್ಲಿ ಗಾಡಿ ಅಷ್ಟು ಬೇಗ ಬಂದದ್ದು ನಾನು ಕಾಣೆ. ಆದರೆ ಬಂದು ಸುಮ್ಮನೆ ನಿಂತಿತು. ದಿನಾ ಮುಖ ನೋಡಿಕೊಳ್ಳುವ ನೆರೆಹೊರೆಯವರು. ಒಬ್ಬರಿಗೊಬ್ಬರು ಅಪ್ಪಣೆ ಮಾಡಲು ಸಂಕೋಚ. "ನೀವು ಹೇಳಿ ಮೇಷ್ಟ್ರೇ" ಎಂದು ಇವರು, "ಛೇ, ನೀವು ಹಿರಿಯರು" ಎಂದು ಅವರು. ಅಷ್ಟರಲ್ಲಿ ಸೂರು ಹತ್ತಿಕೊಂಡಿತು.

ಅಪ್ಪ ಬನಿಯನ್ನಿನಲ್ಲೇ ಇಳಿದು ಹೋದರು. "ಲೋ ಬೇಕರಿ, ನೀರು ಬಿಡೋ. ಮೇಷ್ಟ್ರೇ, ಪಕ್ಕದ ಮನೆಯವರನ್ನ ಹೊರಗೆ ಕಳಿಸಿ." ಆಮೇಲೆ ಎಲ್ಲರ ಕೈಕಾಲೂ ಆಡಿದವು. ಅರ್ಧ ಕೊಟ್ಟಿಗೆ ಹೋಯಿತು; ಬಡಗಿಯೂ ಅವರ ಹೆಂಡತಿಯೂ ಕ್ಷೇಮ. ಬೈಸಿಕೊಂಡದ್ದಕ್ಕೆ ಯಾರಿಗೂ ಬೇಸರವಿಲ್ಲ, ಮೇಷ್ಟ್ರಿಗಂತೂ ನಿರಾಳ. ಅಂದಿನಿಂದ ಅಪ್ಪನ ತಮಾಷೆ ನಿಂತಿದೆ. ಊಟಕ್ಕೆ ಕೂತರೂ ಎದುರಿನ ಕರಿ ಗೋಡೆಯನ್ನೇ ನೋಡುತ್ತಾರೆ.

ಅತ್ತಿಗೆಯನ್ನು ಕೇಳಿದೆ ಎಂದು ಹೇಳು. ಪುಟ್ಟಿಗೆ ಅತ್ತೆಯ ಮುತ್ತು.

ನಿನ್ನ ತಂಗಿ

ಮರೆತ ಮಾತು: ಕಾಗದ ಮಡಚುವಾಗ ಅಪ್ಪ ಠಾಣೆಯ ಹಳೇ ಕೋಟು ತಂದು, ಸರ್ಕಾರದ ಬಿಲ್ಲೆ ಬಿಚ್ಚಿಕೊಡು ಎಂದರು. ನಾಡಿದ್ದು ಭಾನುವಾರ ಅಭ್ಯಾಸಕ್ಕೆ ಹೋಗುತ್ತಾರಂತೆ. "ಸಹಿ ಹಾಕಿಸೋದು ನಿಲ್ಲಿಸಬೇಡ ಅಂತ ಅವನಿಗೆ ಬರಿ. ನನ್ನ ಸಹಿಯೂ ಹಾಗೇ ಇರಲಿ. ಠಾಣೆ ಮತ್ತೆ ತೆರೆಯೋವರೆಗೆ ಬೆಂಕಿ ಕಾಯಲ್ಲವಲ್ಲ." ಬಿಲ್ಲೆಯನ್ನು ಎಸೆಯದೆ ಒಳಜೇಬಿಗೆ ಹೊಲಿಯಬೇಕಂತೆ. ಸೂಜಿಗೆ ದಾರ ಪೋಣಿಸಿಟ್ಟಿದ್ದೇನೆ.